ಕೆಲಸದ ಸ್ಥಳದಲ್ಲಿ ಮತ್ತು ಮನೆಯಲ್ಲಿ ವಿಷಕಾರಿ ವಸ್ತುಗಳ ಸಂಪರ್ಕ: ಸಾಮಾನ್ಯ ಮೂಲಗಳು, ಮುನ್ನೆಚ್ಚರಿಕೆ ಹಾಗೂ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ದುಡಿಮೆಯ ಸ್ಥಳದಲ್ಲಾಗಲಿ, ವಾಸದ ಮನೆಯಲ್ಲಾಗಲಿ ಮನುಷ್ಯನ ದೇಹಕ್ಕೆ ಹಾನಿಯುಂಟುಮಾಡುವ ವಸ್ತುಗಳು ಮೂರು ಮಾರ್ಗಗಳಿಂದ ದೇಹವನ್ನು ಸೇರುತ್ತವೆ: ಉಸಿರಿನ ಮೂಲಕ, ಚರ್ಮದ ಮೂಲಕ ಮತ್ತು ಬಾಯಿಯ ಮೂಲಕ. ಕೆಲವು ವಿಷಗಳ ಪರಿಣಾಮ ನಿಮಿಷಗಳಲ್ಲಿ ಕಾಣಿಸುತ್ತದೆ. ಇನ್ನು ಕೆಲವು ವಿಷಗಳ ಪರಿಣಾಮ ಹತ್ತು, ಇಪ್ಪತ್ತು ಅಥವಾ ಮೂವತ್ತು ವರ್ಷಗಳ ನಂತರ, ಕಾರ್ಮಿಕನು ಆ ಕೆಲಸವನ್ನು ಬಿಟ್ಟು ಬೇರೆ ಊರಿನಲ್ಲಿ ನೆಲೆಸಿದ ಮೇಲೆ ಕಾಣಿಸಿಕೊಳ್ಳುತ್ತದೆ.

ಈ ಎರಡನೆಯ ಬಗೆಯ ಪ್ರಕರಣಗಳಲ್ಲಿ ರೋಗಕ್ಕೂ ಹಿಂದಿನ ಕೆಲಸಕ್ಕೂ ಇರುವ ಸಂಬಂಧವು ವೈದ್ಯರ ಗಮನಕ್ಕೆ ಬಾರದೆ ಹೋಗುವುದು ಸಾಮಾನ್ಯ. ಸಂಬಂಧ ತಿಳಿಯದಿದ್ದಲ್ಲಿ ಸರಿಯಾದ ಚಿಕಿತ್ಸೆ ತಡವಾಗುತ್ತದೆ. ಕಾನೂನಿನಡಿ ದೊರೆಯಬೇಕಾದ ಪರಿಹಾರವೂ ಕೈತಪ್ಪುತ್ತದೆ. ಆದುದರಿಂದ ಸಾರ್ವಜನಿಕರು ವಿಷದ ಮೂಲಗಳನ್ನು ಅರಿತುಕೊಳ್ಳುವುದು, ತಾವು ಮಾಡಿದ ಕೆಲಸದ ವಿವರವನ್ನು ವೈದ್ಯರಿಗೆ ತಿಳಿಸುವುದು ಹಾಗೂ ಸಂಬಂಧಿಸಿದ ದಾಖಲೆಗಳನ್ನು ಕಾಪಾಡಿಕೊಳ್ಳುವುದು ಅತ್ಯಗತ್ಯವಾಗಿದೆ. ಈ ಮೂರು ವಿಷಯಗಳ ಮಾಹಿತಿಯನ್ನು ಕೆಳಗೆ ನೀಡಲಾಗಿದೆ.

2. ಕೆಲಸದ ಸ್ಥಳದಲ್ಲಿನ ಸಾಮಾನ್ಯ ಮೂಲಗಳು

(ಅ) ಕಲ್ಲಿನ ಧೂಳು

ಕಲ್ಲು ಗಣಿ, ಜಲ್ಲಿ ಕ್ರಷರ್, ಗ್ರಾನೈಟ್ ಕತ್ತರಿಸುವ ಮತ್ತು ಪಾಲಿಶ್ ಮಾಡುವ ಘಟಕಗಳು, ಮರಳು ಸಿಂಪರಣೆಯಿಂದ ಲೋಹ ಶುಚಿಗೊಳಿಸುವ ಕೆಲಸ, ಎರಕದ ಕಾರ್ಖಾನೆ ಹಾಗೂ ಕಟ್ಟಡ ಕೆಡವುವ ಕಾಮಗಾರಿಗಳಲ್ಲಿ ಸಿಲಿಕಾ ಎಂಬ ಸೂಕ್ಷ್ಮ ಧೂಳು ಉತ್ಪತ್ತಿಯಾಗುತ್ತದೆ. ಕಣ್ಣಿಗೆ ಕಾಣುವ ದಪ್ಪ ಧೂಳು ಮೂಗು ಮತ್ತು ಗಂಟಲಿನಲ್ಲಿಯೇ ತಡೆಯಲ್ಪಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಒಳಭಾಗವನ್ನು ತಲುಪಿ ಅಲ್ಲಿ ಗಾಯದ ಕಲೆಗಳನ್ನು ಉಂಟುಮಾಡುತ್ತವೆ. ಇದರಿಂದ ಬರುವ ಕಾಯಿಲೆಯೇ ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಧೂಳಿನಲ್ಲಿ ದುಡಿದವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಧೂಳಿನ ಪ್ರಮಾಣ ಅತಿಯಾಗಿದ್ದಲ್ಲಿ ಇನ್ನೂ ಬೇಗ ಬರಬಹುದು. ಈ ಕಾಯಿಲೆಯನ್ನು ಸಂಪೂರ್ಣ ಗುಣಪಡಿಸುವ ಔಷಧವಿಲ್ಲ; ತಡೆಗಟ್ಟುವುದೊಂದೇ ಮಾರ್ಗ.

ಕರ್ನಾಟಕಕ್ಕೆ ಈ ಕಾಯಿಲೆ ಹೊಸದಲ್ಲ. 2001ರಲ್ಲಿ ಮುಚ್ಚಲ್ಪಟ್ಟ ಕೋಲಾರ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಸಿಲಿಕೋಸಿಸ್ ಇರುವುದನ್ನು 1940ರ ದಶಕದಲ್ಲಿಯೇ ಗುರುತಿಸಲಾಗಿತ್ತು. ಕೆಮ್ಮು, ಏದುಸಿರು, ತೂಕ ಇಳಿಕೆ ಮುಂತಾದ ಲಕ್ಷಣಗಳು ಕ್ಷಯರೋಗದ ಲಕ್ಷಣಗಳನ್ನು ಹೋಲುವುದರಿಂದ ಸಿಲಿಕೋಸಿಸ್ ಅನ್ನು ಕ್ಷಯವೆಂದೇ ಭಾವಿಸುವ ಸಂಭವವಿದೆ. ಸಿಲಿಕೋಸಿಸ್ ಇರುವವರಿಗೆ ಕ್ಷಯ ತಗಲುವ ಅಪಾಯವೂ ಹೆಚ್ಚು. ಕಲ್ಲಿನ ಕೆಲಸ ಮಾಡಿದವರು ಈ ವಿಷಯವನ್ನು ವೈದ್ಯರಿಗೆ ತಾವಾಗಿಯೇ ತಿಳಿಸತಕ್ಕದ್ದು.

ಮುನ್ನೆಚ್ಚರಿಕೆ: ಕಲ್ಲನ್ನು ನೀರು ಹಾಯಿಸಿ ಕತ್ತರಿಸುವುದು, ಧೂಳು ಹೀರುವ ಯಂತ್ರ ಅಳವಡಿಸುವುದು ಹಾಗೂ ಎನ್-95 ಅಥವಾ ಸಮಾನ ಗುಣಮಟ್ಟದ ಮುಖಗವಸು ಒದಗಿಸುವುದು. ಮುಖಕ್ಕೆ ಕಟ್ಟಿಕೊಂಡ ಟವೆಲ್ ಅಥವಾ ಕರವಸ್ತ್ರವು ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ.

(ಆ) ಸೀಸ

ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಘಟಕಗಳು, ಬ್ಯಾಟರಿ ದುರಸ್ತಿ ಅಂಗಡಿಗಳು, ಬೆಸುಗೆ ಕೆಲಸ ಮತ್ತು ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವ ಕೆಲಸಗಳು ಸೀಸದ ಮುಖ್ಯ ಮೂಲಗಳು. ಸೀಸದ ಹೊಗೆ ಮತ್ತು ಧೂಳು ದೇಹವನ್ನು ಸೇರಿ ಮೂಳೆಗಳಲ್ಲಿ ವರ್ಷಗಟ್ಟಲೆ ಸಂಗ್ರಹವಾಗಿರುತ್ತದೆ. ಹೊಟ್ಟೆ ನುಲಿತ, ಮಲಬದ್ಧತೆ, ರಕ್ತಹೀನತೆ, ಕೀಲುನೋವು, ಮಣಿಕಟ್ಟಿನ ಬಲಹೀನತೆ ಮುಂತಾದವು ಇದರ ಲಕ್ಷಣಗಳು. ರಕ್ತದಲ್ಲಿನ ಸೀಸದ ಪ್ರಮಾಣವನ್ನು ಪರೀಕ್ಷೆಯಿಂದ ತಿಳಿಯಬಹುದು.

(ಇ) ದ್ರಾವಕಗಳು ಮತ್ತು ಲೋಹಲೇಪನ

ಪೆಟ್ರೋಲ್, ಥಿನ್ನರ್, ಕೆಲವು ಅಂಟು ಹಾಗೂ ಬಣ್ಣಗಳ ಆವಿಯು ತಲೆಸುತ್ತು ಮತ್ತು ಅಮಲು ತರುತ್ತದೆ. ಪೆಟ್ರೋಲ್‌ನಲ್ಲಿರುವ ಬೆಂಜೀನ್ ದೀರ್ಘಕಾಲದ ಸಂಪರ್ಕದಿಂದ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಗ್ಯಾರೇಜುಗಳಲ್ಲಿ ಪೆಟ್ರೋಲಿನಿಂದ ಕೈ ತೊಳೆಯುವುದು, ಕೊಳವೆಯನ್ನು ಬಾಯಿಗಿಟ್ಟು ಪೆಟ್ರೋಲ್ ಎಳೆಯುವುದು ಈ ಎರಡೂ ಅಪಾಯಕಾರಿ ರೂಢಿಗಳು. ಕ್ರೋಮಿಯಂ ಲೇಪನ ಮಾಡುವ ಘಟಕಗಳಲ್ಲಿ ಆಮ್ಲದ ಮಂಜು ಮೂಗಿನ ಒಳಗೋಡೆಯನ್ನು ಕೊರೆದು ರಂಧ್ರವನ್ನುಂಟುಮಾಡಬಲ್ಲದು. ಪದೇ ಪದೇ ಮೂಗಿನಲ್ಲಿ ರಕ್ತ ಬರುವ ಲೇಪನ ಕಾರ್ಮಿಕರು ತಪಾಸಣೆ ಮಾಡಿಸಿಕೊಳ್ಳಬೇಕು.

(ಈ) ಕಲ್ನಾರು

ಕಲ್ನಾರು ಮಿಶ್ರಿತ ಸಿಮೆಂಟ್ ಶೀಟುಗಳು ಅಖಂಡವಾಗಿ ಛಾವಣಿಯ ಮೇಲಿರುವಾಗ ಅಪಾಯ ಕಡಿಮೆ. ಅವುಗಳನ್ನು ಕತ್ತರಿಸುವಾಗ, ಕೊರೆಯುವಾಗ ಅಥವಾ ಒಡೆಯುವಾಗ ಹೊರಬರುವ ನಾರಿನ ಕಣಗಳು ಶ್ವಾಸಕೋಶ ಸೇರುತ್ತವೆ. ಇದರಿಂದ ಬರುವ ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತರಿಂದ ನಲವತ್ತು ವರ್ಷ ಹಿಡಿಯಬಹುದು. ಈ ಕಾರಣದಿಂದಲೇ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ನೀಡಿದ ತೀರ್ಪಿನಲ್ಲಿ, ಕಲ್ನಾರು ಉದ್ಯಮದ ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಇವೆರಡರಲ್ಲಿ ಯಾವುದು ನಂತರವೋ ಅಲ್ಲಿಯವರೆಗೆ ಕಾಯ್ದಿರಿಸಬೇಕೆಂದು ನಿರ್ದೇಶಿಸಿತು.

(ಉ) ಮ್ಯಾನ್‌ಹೋಲ್, ಗುಂಡಿ ಮತ್ತು ಹಳೆಯ ಬಾವಿ

ಒಳಚರಂಡಿ, ಮಲಗುಂಡಿ ಮತ್ತು ಬಹುಕಾಲ ಮುಚ್ಚಿದ್ದ ಗುಂಡಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಶೇಖರಗೊಂಡಿರುತ್ತದೆ. ಇದಕ್ಕೆ ಕೊಳೆತ ಮೊಟ್ಟೆಯ ವಾಸನೆಯಿದ್ದರೂ ಅನಿಲದ ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯೇ ಕುಂದುತ್ತದೆ. ವಾಸನೆ ನಿಂತಿತೆಂದರೆ ಅನಿಲ ಹೋಯಿತೆಂದು ಭಾವಿಸಬಾರದು. ಹಳೆಯ ಬಾವಿಗಳಲ್ಲಿ ಉಸಿರಾಟಕ್ಕೆ ಬೇಕಾದ ಆಮ್ಲಜನಕದ ಕೊರತೆಯೂ ಇರಬಹುದು. ಒಳಗೆ ಬಿದ್ದವರನ್ನು ರಕ್ಷಿಸಲು ಸಾಧನಗಳಿಲ್ಲದೆ ಇಳಿದವರೂ ಪ್ರಾಣ ಕಳೆದುಕೊಂಡ ಪ್ರಕರಣಗಳು ಹಲವು. ಅಂತಹ ಸಂದರ್ಭದಲ್ಲಿ ಯಾರೂ ಇಳಿಯದೆ ಅಗ್ನಿಶಾಮಕ ಸೇವೆಯನ್ನು ಕರೆಯತಕ್ಕದ್ದು.

ಮಲಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯು ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ ಅಥವಾ ಮಲಗುಂಡಿಗೆ ವ್ಯಕ್ತಿಯನ್ನು ಇಳಿಸುವುದನ್ನೂ ಅಪರಾಧವೆಂದು ಪರಿಗಣಿಸುತ್ತದೆ. ಒಳಚರಂಡಿ ಸಾವಿಗೆ ನೀಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್‌ನಲ್ಲಿ 10 ಲಕ್ಷ ರೂಪಾಯಿಗಳಿಂದ 30 ಲಕ್ಷ ರೂಪಾಯಿಗಳಿಗೆ ಏರಿಸಿದೆ.

3. ಕೃಷಿಯಲ್ಲಿನ ಮೂಲಗಳು

ಕೀಟನಾಶಕವನ್ನು ಬೆರೆಸುವಾಗ ಮತ್ತು ಸಿಂಪಡಿಸುವಾಗ ಅದು ಉಸಿರಿನಿಂದ ಮಾತ್ರವಲ್ಲದೆ ಚರ್ಮದ ಮೂಲಕವೂ ದೇಹ ಸೇರುತ್ತದೆ. ಅತಿಯಾದ ಬೆವರು, ಜೊಲ್ಲು, ವಾಂತಿ, ಕಣ್ಣಿನ ಪಾಪೆ ಕಿರಿದಾಗುವುದು, ದೃಷ್ಟಿ ಮಂಜಾಗುವುದು, ಉಸಿರಾಟದ ತೊಂದರೆ ಇವು ರಂಜಕಯುಕ್ತ ಕೀಟನಾಶಕಗಳ ವಿಷದ ಲಕ್ಷಣಗಳು. ಇದಕ್ಕೆ ಆಸ್ಪತ್ರೆಯಲ್ಲಿ ಪ್ರತಿವಿಷ ಲಭ್ಯವಿದೆ. ಔಷಧದ ಡಬ್ಬಿ ಅಥವಾ ಅದರ ಚೀಟಿಯನ್ನು ರೋಗಿಯೊಂದಿಗೆ ಕೊಂಡೊಯ್ದಲ್ಲಿ ಚಿಕಿತ್ಸೆ ತ್ವರಿತವಾಗುತ್ತದೆ.

ಕೀಟನಾಶಕದ ಡಬ್ಬಿಯ ಮೇಲಿರುವ ಬಣ್ಣದ ತ್ರಿಕೋನವು ಅದರ ತೀವ್ರತೆಯನ್ನು ಸೂಚಿಸುತ್ತದೆ:

ಕೆಂಪು: ಅತ್ಯಂತ ತೀವ್ರ ವಿಷ
ಹಳದಿ: ಹೆಚ್ಚು ತೀವ್ರ ವಿಷ
ನೀಲಿ: ಮಧ್ಯಮ ವಿಷ
ಹಸಿರು: ಅಲ್ಪ ವಿಷ

ಹಸಿರು ತ್ರಿಕೋನವೆಂದರೆ ನಿರಪಾಯ ಎಂದರ್ಥವಲ್ಲ.

ಖಾಲಿಯಾದ ಕೀಟನಾಶಕದ ಡಬ್ಬಿಗಳನ್ನು ನೀರು, ಎಣ್ಣೆ ಅಥವಾ ಧಾನ್ಯ ತುಂಬಲು ಎಂದಿಗೂ ಬಳಸಬಾರದು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ಸೇವಿಸಿ 23 ಮಕ್ಕಳು ಮೃತಪಟ್ಟರು. ಆಹಾರ ಪದಾರ್ಥವೂ ಕೀಟನಾಶಕವೂ ಒಂದೆಡೆ ಸೇರದಂತೆ ನೋಡಿಕೊಳ್ಳುವುದು ಎಷ್ಟು ಮುಖ್ಯವೆಂಬುದಕ್ಕೆ ಈ ದುರಂತ ಸಾಕ್ಷಿಯಾಗಿದೆ.

ವಿಷವು ಹೊಲದ ಗಡಿಯನ್ನು ದಾಟಿ ಊರನ್ನು ತಲುಪುತ್ತದೆ ಎಂಬುದನ್ನು ದಕ್ಷಿಣ ಕನ್ನಡ ಜಿಲ್ಲೆಯ ಎಂಡೋಸಲ್ಫಾನ್ ಪ್ರಕರಣ ತೋರಿಸಿದೆ. ಗೇರು ತೋಟಗಳ ಮೇಲೆ ವರ್ಷಗಳ ಕಾಲ ಹೆಲಿಕಾಪ್ಟರ್ ಮೂಲಕ ಸಿಂಪಡಿಸಲಾದ ಈ ಕೀಟನಾಶಕದಿಂದ ಬಾಧಿತರಾದವರು ತೋಟದ ಕೂಲಿಗಳಷ್ಟೇ ಅಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಮುಂತಾದ ಗ್ರಾಮಗಳ ನಿವಾಸಿಗಳೂ ಅವರಲ್ಲಿ ಸೇರಿದ್ದಾರೆ. ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಿನಲ್ಲಿ ದೇಶದಾದ್ಯಂತ ಇದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು.

ಹುಣಸೂರು, ಪಿರಿಯಾಪಟ್ಟಣ ಮುಂತಾದ ತಂಬಾಕು ಬೆಳೆಯುವ ತಾಲ್ಲೂಕುಗಳಲ್ಲಿ ಒದ್ದೆ ಎಲೆ ಕೀಳುವವರ ಚರ್ಮದ ಮೂಲಕ ನಿಕೋಟಿನ್ ದೇಹ ಸೇರಿ ವಾಕರಿಕೆ, ವಾಂತಿ, ತಲೆಸುತ್ತು ಬರಬಹುದು. ಇಬ್ಬನಿ ಅಥವಾ ಮಳೆಯ ನೀರು ಆರಿದ ಮೇಲೆ ಎಲೆ ಕೀಳುವುದು, ಕೈಗವಸು ಮತ್ತು ತುಂಬುತೋಳಿನ ಅಂಗಿ ಧರಿಸುವುದು ಸೂಕ್ತ.

4. ಮನೆಯಲ್ಲಿನ ಸಾಮಾನ್ಯ ಮೂಲಗಳು

(ಅ) ಗ್ಯಾಸ್ ಗೀಸರ್ ಮತ್ತು ಅಗ್ಗಿಷ್ಟಿಕೆ

ಗಾಳಿಯಾಡದ ಸ್ನಾನಗೃಹದಲ್ಲಿ ಗ್ಯಾಸ್ ಗೀಸರ್ ಉರಿಯುವಾಗ ಅಥವಾ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದಾಗ ಕಾರ್ಬನ್ ಮೊನಾಕ್ಸೈಡ್ ಅನಿಲ ಉಂಟಾಗುತ್ತದೆ. ಅಡುಗೆ ಅನಿಲ ಸೋರಿಕೆ ತಿಳಿಯಲೆಂದು ಅದಕ್ಕೆ ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಉರಿದು ಉಂಟಾಗುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ತಲೆನೋವು, ವಾಕರಿಕೆ, ತೂಕಡಿಕೆ ಬಂದು ಸ್ನಾನಕ್ಕೆ ಹೋದವರು ಒಳಗೇ ಪ್ರಜ್ಞೆ ತಪ್ಪುತ್ತಾರೆ. ಗ್ಯಾಸ್ ಗೀಸರ್ ಮತ್ತು ಸಿಲಿಂಡರನ್ನು ಸ್ನಾನಗೃಹದ ಹೊರಗೆ ಗಾಳಿಯಾಡುವ ಸ್ಥಳದಲ್ಲಿಯೇ ಅಳವಡಿಸತಕ್ಕದ್ದು. ಬಾಡಿಗೆ ಮನೆಗೆ ಹೋಗುವವರು ಇದನ್ನು ಮೊದಲೇ ಪರಿಶೀಲಿಸುವುದು ಒಳ್ಳೆಯದು.

(ಆ) ಶುಚಿಗೊಳಿಸುವ ವಸ್ತುಗಳು

ಶೌಚಾಲಯ ತೊಳೆಯುವ ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಇವೆರಡನ್ನೂ ಒಟ್ಟಿಗೆ ಬಳಸಿದಲ್ಲಿ ಕ್ಲೋರಿನ್ ಅನಿಲ ಹೊರಬರುತ್ತದೆ. ಕಣ್ಣುರಿ, ಕೆಮ್ಮು, ಉಸಿರುಗಟ್ಟುವಿಕೆ ಉಂಟಾದಲ್ಲಿ ಕೂಡಲೇ ಹೊರಗೆ ಬಂದು ಶುದ್ಧ ಗಾಳಿ ಪಡೆಯಬೇಕು. ಇಂತಹ ದ್ರವಗಳನ್ನು ತಂಪುಪಾನೀಯದ ಬಾಟಲಿಗಳಲ್ಲಿ ತುಂಬಿಡುವುದರಿಂದ ಮಕ್ಕಳು ಕುಡಿದುಬಿಡುವ ಅಪಾಯವಿದೆ. ಸೀಮೆಎಣ್ಣೆಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

(ಇ) ಧಾನ್ಯ ಸಂರಕ್ಷಣೆಯ ಮಾತ್ರೆಗಳು

ಧಾನ್ಯಕ್ಕೆ ಹುಳು ಹಿಡಿಯದಂತೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳು ಗಾಳಿಯ ತೇವಾಂಶದೊಂದಿಗೆ ಸೇರಿ ಫಾಸ್ಫೀನ್ ಎಂಬ ಮಾರಕ ಅನಿಲವನ್ನು ಬಿಡುತ್ತವೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಇವುಗಳನ್ನು ಜನರು ಮಲಗುವ ಮನೆಯಲ್ಲಿ ಬಳಸಕೂಡದು.

(ಈ) ಸೌದೆ ಒಲೆಯ ಹೊಗೆ

ಹೊಗೆಗೂಡಿಲ್ಲದ ಅಡುಗೆಮನೆಯಲ್ಲಿ ಸೌದೆ, ಬೆರಣಿ ಉರಿಸುವುದರಿಂದ ಹೆಂಗಸರು ಮತ್ತು ಎಳೆಯ ಮಕ್ಕಳಿಗೆ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬರುತ್ತದೆ. ಪ್ಲಾಸ್ಟಿಕ್ ಅಥವಾ ಬಣ್ಣ ಬಳಿದ ಮರವನ್ನು ಒಲೆಗೆ ಹಾಕಬಾರದು.

(ಉ) ಹಳೆಯ ಬಣ್ಣ

ಮನೆ ಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದೆ ಬಳಿದ ಬಣ್ಣದಲ್ಲಿ ಹೆಚ್ಚು ಸೀಸ ಇರಬಹುದು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಬಣ್ಣ ಉಜ್ಜುವ ಕೆಲಸ ನಡೆಯುವಾಗ ಮಕ್ಕಳನ್ನೂ ಗರ್ಭಿಣಿಯರನ್ನೂ ಮನೆಯಿಂದ ದೂರವಿರಿಸಿ, ಒದ್ದೆ ಮಾಡಿ ಉಜ್ಜುವುದು ಸೂಕ್ತ.

(ಊ) ಕುಡಿಯುವ ನೀರು

ಕೊಳವೆಬಾವಿಯ ನೀರಿನಲ್ಲಿ ಬಂಡೆಗಳಿಂದ ಬೆರೆಯುವ ಫ್ಲೋರೈಡ್ ಮತ್ತು ಆರ್ಸೆನಿಕ್ ಇರಬಹುದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳೂ ಸೇರಿದಂತೆ ಹಲವೆಡೆ ಫ್ಲೋರೈಡ್ ಸಮಸ್ಯೆ ಇದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್‌ಯುಕ್ತ ನೀರಿನಿಂದ ನಿವಾಸಿಗಳ ಚರ್ಮ ಹಾಗೂ ಆರೋಗ್ಯಕ್ಕೆ ಹಾನಿಯಾದದ್ದು ವರದಿಯಾಗಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು. ನೀರನ್ನು ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಮತ್ತು ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ.

5. ಕೆಲಸದಿಂದ ಮನೆಗೆ ಬರುವ ವಿಷ

ಕಾರ್ಮಿಕನ ಬಟ್ಟೆ, ಪಾದರಕ್ಷೆ, ತಲೆಕೂದಲು ಮತ್ತು ಊಟದ ಡಬ್ಬಿಯೊಂದಿಗೆ ಸೀಸದ ಪುಡಿ, ಕಲ್ನಾರು ಹಾಗೂ ಕೀಟನಾಶಕ ಮನೆಗೆ ಬರುತ್ತವೆ. ಆ ಬಟ್ಟೆಯನ್ನು ಕೊಡವಿ ಒಗೆಯುವವರು ಮತ್ತು ತಂದೆಯ ತೊಡೆಯೇರುವ ಮಕ್ಕಳು ಕಾರ್ಖಾನೆಯ ಬಾಗಿಲನ್ನೇ ಕಾಣದಿದ್ದರೂ ವಿಷಕ್ಕೆ ಒಳಗಾಗುತ್ತಾರೆ. ಕರಾವಳಿಯಲ್ಲಿ ಮನೆಯಲ್ಲಿಯೇ ಬೀಡಿ ಕಟ್ಟುವ ಕುಟುಂಬಗಳಲ್ಲಿ ತಂಬಾಕಿನ ಧೂಳು ಮನೆಮಂದಿಗೆಲ್ಲ ತಗಲುತ್ತದೆ. ಕೆಲಸದ ಸ್ಥಳದಲ್ಲಿಯೇ ಸ್ನಾನ ಮಾಡಿ ಬಟ್ಟೆ ಬದಲಿಸುವುದು, ಕೆಲಸದ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯದಿರುವುದು ಮತ್ತು ಬೀಡಿ ಕೆಲಸವನ್ನು ಅಡುಗೆ ಹಾಗೂ ಮಲಗುವ ಜಾಗದಿಂದ ದೂರವಿರಿಸುವುದು ಇದಕ್ಕೆ ಪರಿಹಾರ.

6. ವೈದ್ಯರಿಗೆ ತಿಳಿಸಬೇಕಾದ ವಿವರಗಳು

ಚಿಕಿತ್ಸೆಗೆ ಹೋಗುವಾಗ ಕೆಳಕಂಡ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುವುದು ಉಪಯುಕ್ತ:

(1) ಈಗಿನ ಕೆಲಸ ಮತ್ತು ಹಿಂದೆ ಮಾಡಿದ ಎಲ್ಲಾ ಕೆಲಸಗಳು, ವರ್ಷಗಳ ಸಹಿತ.
(2) ಕೆಲಸದಲ್ಲಿ ಬಳಸಿದ ವಸ್ತುಗಳ ಹೆಸರು. ತಿಳಿಯದಿದ್ದಲ್ಲಿ ಡಬ್ಬಿಯ ಮೇಲಿನ ಬರಹ.
(3) ರಜೆಯ ದಿನಗಳಲ್ಲಿ ತೊಂದರೆ ಕಡಿಮೆಯಾಗುವುದೇ ಎಂಬ ವಿವರ.
(4) ಜೊತೆಗಾರರಿಗೂ ಇದೇ ತೊಂದರೆ ಇದೆಯೇ ಎಂಬ ವಿವರ.
(5) ಮನೆಯ ನೀರಿನ ಮೂಲ, ಒಲೆಯ ಬಗೆ ಹಾಗೂ ಮನೆಯಲ್ಲಿ ನಡೆಯುವ ಕಸುಬು.

ವೈದ್ಯರು ಈ ವಿವರಗಳನ್ನು ಚಿಕಿತ್ಸಾ ಚೀಟಿಯಲ್ಲಿ ನಮೂದಿಸುವಂತೆ ಕೋರಬಹುದು. ಹಲವು ವರ್ಷಗಳ ನಂತರ ಈ ನಮೂದೇ ಪ್ರಮುಖ ಸಾಕ್ಷ್ಯವಾಗಬಲ್ಲದು.

7. ಕಾನೂನಿನಡಿ ಲಭ್ಯವಿರುವ ಹಕ್ಕುಗಳು

ಕಾರ್ಖಾನೆಗಳ ಕಾಯ್ದೆ, 1948 ಸೇರಿದಂತೆ ಹಲವು ಕಾಯ್ದೆಗಳ ಬದಲಿಗೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ಹಾಗೂ ಸಾಮಾಜಿಕ ಭದ್ರತಾ ಸಂಹಿತೆ, 2020 ಇವು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಇವುಗಳ ಮುಖ್ಯ ಅಂಶಗಳು ಕೆಳಕಂಡಂತಿವೆ:

(1) ನಿಗದಿಪಡಿಸಿದ ವಯಸ್ಸಿನ ಅಥವಾ ವರ್ಗದ ಉದ್ಯೋಗಿಗಳಿಗೆ ಮಾಲೀಕರು ವಾರ್ಷಿಕ ಆರೋಗ್ಯ ತಪಾಸಣೆಯನ್ನು ಉಚಿತವಾಗಿ ಏರ್ಪಡಿಸಬೇಕು.
(2) ಕೆಲಸದ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು ಮಾಲೀಕರಿಂದ ಪಡೆಯುವ ಹಕ್ಕು ಉದ್ಯೋಗಿಗೆ ಇದೆ.
(3) ಪ್ರಾಣಾಪಾಯ ಸನ್ನಿಹಿತವಾಗಿದೆಯೆಂಬ ಸಕಾರಣ ಶಂಕೆ ಇದ್ದಲ್ಲಿ ಮಾಲೀಕರ ಗಮನಕ್ಕೂ ತನಿಖಾಧಿಕಾರಿಗಳ ಗಮನಕ್ಕೂ ಏಕಕಾಲದಲ್ಲಿ ತರಬಹುದು.
(4) ಸೀಸದ ವಿಷ, ಸಿಲಿಕೋಸಿಸ್ ಮುಂತಾದ ಅನುಸೂಚಿತ ಕಾಯಿಲೆಗಳು ಕಂಡುಬಂದಲ್ಲಿ ಮಾಲೀಕರೂ ಚಿಕಿತ್ಸೆ ನೀಡಿದ ವೈದ್ಯರೂ ಅಧಿಕಾರಿಗಳಿಗೆ ವರದಿ ಮಾಡಬೇಕು.
(5) ಅನುಸೂಚಿತ ಔದ್ಯೋಗಿಕ ಕಾಯಿಲೆಯನ್ನು ಕೆಲಸದಲ್ಲಾದ ಗಾಯವೆಂದೇ ಪರಿಗಣಿಸಿ ಪರಿಹಾರ ನೀಡಲಾಗುತ್ತದೆ. ಹಲವು ಕಾಯಿಲೆಗಳ ವಿಷಯದಲ್ಲಿ ನಿರ್ದಿಷ್ಟ ಅವಧಿಯ ನಿರಂತರ ಸೇವೆಯನ್ನು ತೋರಿಸಬೇಕಾಗುತ್ತದೆ.

8. ಯಾವ ಸೇವೆಗೆ ಎಲ್ಲಿ ಅರ್ಜಿ ಸಲ್ಲಿಸಬೇಕು

ಇ.ಎಸ್.ಐ. ವಿಮೆ ಹೊಂದಿದ ಕಾರ್ಮಿಕರು: ಕಾರ್ಮಿಕರ ರಾಜ್ಯ ವಿಮಾ ನಿಗಮದ ಶಾಖಾ ಕಚೇರಿ.
ಇ.ಎಸ್.ಐ. ವ್ಯಾಪ್ತಿಗೆ ಬಾರದ ಕಾರ್ಮಿಕರು: ನಷ್ಟ ಪರಿಹಾರಕ್ಕಾಗಿ ಕಾರ್ಮಿಕ ಇಲಾಖೆಯ ಸಕ್ಷಮ ಪ್ರಾಧಿಕಾರ.
ಕಾರ್ಖಾನೆಯ ಸುರಕ್ಷತೆ ಕುರಿತ ದೂರು: ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ.
ಕಟ್ಟಡ ಕಾರ್ಮಿಕರು: ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ.
ಹೊಗೆ, ತ್ಯಾಜ್ಯ ನೀರು, ಮಾಲಿನ್ಯ ಕುರಿತ ದೂರು: ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ.
ಗ್ರಾಮೀಣ ಕುಡಿಯುವ ನೀರಿನ ಪರೀಕ್ಷೆ: ಗ್ರಾಮ ಪಂಚಾಯಿತಿಯ ಮೂಲಕ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ.

ಅರ್ಜಿಯೊಂದಿಗೆ ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು: ಗುರುತಿನ ಚೀಟಿ, ಉದ್ಯೋಗದ ಪುರಾವೆ, ವೈದ್ಯಕೀಯ ವರದಿಗಳು, ಎಕ್ಸ್-ರೇ ಹಾಗೂ ರಕ್ತ ಪರೀಕ್ಷೆಯ ಪ್ರತಿಗಳು, ಬ್ಯಾಂಕ್ ಖಾತೆಯ ವಿವರ. ಪರಿಹಾರದ ಅರ್ಜಿಗಳಿಗೆ ಕಾಲಮಿತಿ ಇರುವುದರಿಂದ ರೋಗ ಪತ್ತೆಯಾದ ಕೂಡಲೇ ಅರ್ಜಿ ಸಲ್ಲಿಸುವುದು ಉತ್ತಮ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗುತ್ತಿಗೆದಾರರ ಅಡಿಯಲ್ಲಿ ದುಡಿದವರಿಗೆ ನೇಮಕಾತಿ ಪತ್ರ ಇಲ್ಲದಿದ್ದಲ್ಲಿ ಉದ್ಯೋಗದ ಪುರಾವೆ ಯಾವುದು?
ಉತ್ತರ: ಇ.ಎಸ್.ಐ. ಅಥವಾ ಭವಿಷ್ಯ ನಿಧಿಯ ಸಂಖ್ಯೆ, ಕೂಲಿ ಚೀಟಿ, ಗೇಟ್ ಪಾಸ್, ಹಾಜರಿ ಪುಸ್ತಕದ ಪ್ರತಿ, ಕೂಲಿ ಜಮೆಯಾದ ಬ್ಯಾಂಕ್ ಪುಸ್ತಕ ಇವುಗಳನ್ನು ಸಲ್ಲಿಸಬಹುದು. ಸಹ ಕಾರ್ಮಿಕರ ಹೇಳಿಕೆಯೂ ಸಹಕಾರಿಯಾಗುತ್ತದೆ.

ಪ್ರಶ್ನೆ: ಕೆಲಸ ಬಿಟ್ಟು ಹಲವು ವರ್ಷಗಳಾದ ಮೇಲೆ ರೋಗ ಪತ್ತೆಯಾದರೆ ಪರಿಹಾರ ಕೇಳಬಹುದೇ?
ಉತ್ತರ: ಕೇಳಬಹುದು. ರೋಗವು ಹಿಂದಿನ ಕೆಲಸದಿಂದ ಬಂದುದೆಂದು ವೈದ್ಯಕೀಯ ಹಾಗೂ ಉದ್ಯೋಗ ದಾಖಲೆಗಳಿಂದ ತೋರಿಸಬೇಕಾಗುತ್ತದೆ. ಆದ್ದರಿಂದ ಕೆಲಸ ಬಿಡುವಾಗ ಸೇವಾ ಪ್ರಮಾಣಪತ್ರ ಮತ್ತು ಆರೋಗ್ಯ ತಪಾಸಣೆಯ ಪ್ರತಿಗಳನ್ನು ಪಡೆದಿಟ್ಟುಕೊಳ್ಳಬೇಕು.

ಪ್ರಶ್ನೆ: ವಿಷ ಸೇವಿಸಿದವರಿಗೆ ವಾಂತಿ ಮಾಡಿಸಬೇಕೇ?
ಉತ್ತರ: ಬೇಡ. ವಿಶೇಷವಾಗಿ ಸೀಮೆಎಣ್ಣೆ, ಪೆಟ್ರೋಲ್, ಆ್ಯಸಿಡ್ ಕುಡಿದವರಿಗೆ ವಾಂತಿ ಮಾಡಿಸುವುದರಿಂದ ಶ್ವಾಸಕೋಶ ಮತ್ತು ಅನ್ನನಾಳಕ್ಕೆ ಹೆಚ್ಚಿನ ಹಾನಿಯಾಗುತ್ತದೆ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

10. ತುರ್ತು ಸಂದರ್ಭದಲ್ಲಿ

ಅನಿಲದ ಸೋಂಕಿಗೆ ಒಳಗಾದವರನ್ನು ಸ್ವಂತ ಪ್ರಾಣಕ್ಕೆ ಅಪಾಯವಿಲ್ಲದಿದ್ದಲ್ಲಿ ಮಾತ್ರ ಶುದ್ಧ ಗಾಳಿಗೆ ತರಬೇಕು. ಚರ್ಮದ ಮೇಲೆ ಬಿದ್ದಲ್ಲಿ ಬಟ್ಟೆ ತೆಗೆದು ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದಲ್ಲಿ ಕನಿಷ್ಠ 15 ನಿಮಿಷ ಹರಿಯುವ ನೀರಿನಿಂದ ತೊಳೆಯಬೇಕು.

ಆಂಬುಲೆನ್ಸ್: 108
ತುರ್ತು ಸೇವೆ (ಪೊಲೀಸ್, ಅಗ್ನಿಶಾಮಕ): 112
ಆರೋಗ್ಯ ಸಹಾಯವಾಣಿ: 104
ಅಡುಗೆ ಅನಿಲ ಸೋರಿಕೆ: 1906

ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಅಥವಾ ಕಾನೂನಿನ ಮೂಲ ಪಠ್ಯಕ್ಕೆ ಬದಲಿಯಲ್ಲ. ಅರ್ಜಿದಾರರು ತಮ್ಮ ಎಲ್ಲಾ ದಾಖಲೆಗಳ ಒಂದು ಪ್ರತಿಯನ್ನು ತಮ್ಮಲ್ಲಿ ಇರಿಸಿಕೊಂಡು, ಕಚೇರಿಗೆ ಸಲ್ಲಿಸಿದ ಅರ್ಜಿಗೆ ಸ್ವೀಕೃತಿ ಪಡೆಯುವಂತೆ ಕೋರಲಾಗಿದೆ.